ಬೀದರಿನಲ್ಲಿ ಎರಡು ದಿನ: ಝರಣಿ ಗವಿ, ಸುರಂಗದ ಕಥೆ, ಕಪ್ಪು ಬಿಡುವ ಬಿದರಿ

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್ ರಜೆಯಲ್ಲಿ ಎರಡು ದಿನದ ಮಟ್ಟಿಗೆ ಬೀದರಿಗೆ ಹೋಗಬೇಕೆಂದಿದ್ದೇವೆ. ಜೊತೆಗೆ ಅಮ್ಮ ಮತ್ತು ಎಂಟನೇ ತರಗತಿಯ ಮಗ ಇರುತ್ತಾರೆ. ಅಮ್ಮನಿಗೆ 72 ವರ್ಷ, ಮಂಡಿ ನೋವಿದೆ, ಚಳಿಗಾಲದಲ್ಲಿ ಉಬ್ಬಸವೂ ಬರುತ್ತದೆ. ಆದರೂ ನರಸಿಂಹ ಝರಣಿಯ ಗವಿಯೊಳಗೆ ನೀರಿನಲ್ಲಿ ನಡೆದೇ ದರ್ಶನ ಮಾಡಬೇಕೆಂಬ ಹಟ, ಆ ನೀರು ಚರ್ಮರೋಗ ವಾಸಿ ಮಾಡುತ್ತದೆಂದು ಯಾರೋ ಹೇಳಿದ್ದಾರೆ. ಬೀದರ್ ಕೋಟೆಯಿಂದ ಗೋಲ್ಕೊಂಡಕ್ಕೆ ಗುಪ್ತ ಸುರಂಗವಿದೆ, ಅದರ ಬಾಯಿ ಈಗ ಸಿಕ್ಕಿದೆ ಎಂದು ಮಗ ವಿಡಿಯೊ ನೋಡಿ ಕುಣಿಯುತ್ತಿದ್ದಾನೆ. ಹೋಗಿಬಂದ ನೆಂಟರು ಮಾತ್ರ ‘ಬರೀ ಹಾಳು ಗೋಡೆ, ಒಂದು ಗಂಟೆ ಸಾಕು’ ಎನ್ನುತ್ತಾರೆ. ಇನ್ನೊಂದು ಮಾತು: ಹಿಂದೆ ಒಂದು ಮೇಳದಲ್ಲಿ ಕೊಂಡ ಬಿದರಿ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಕರಕುಶಲ) ಹೂದಾನಿ ವರ್ಷದೊಳಗೆ ಬೂದುಬಣ್ಣಕ್ಕೆ ತಿರುಗಿತು. ಮತ್ತೆ ಮೋಸ ಹೋಗದಂತೆ ಕೊಳ್ಳುವುದು ಹೇಗೆ? ಎಲ್ಲವನ್ನೂ ಎರಡು ದಿನದಲ್ಲಿ ಮುಗಿಸಬಹುದೇ?

ಉತ್ತರ: ಎಲ್ಲವನ್ನೂ ಮುಗಿಸಲು ಹೋಗಬೇಡಿ. ಎರಡು ದಿನ ಬೀದರಿಗೆ ಸಾಕು, ಆದರೆ ಅಮ್ಮನವರ ಮಂಡಿ ಮತ್ತು ಉಸಿರಿನ ಲೆಕ್ಕ ಹಾಕಿಕೊಂಡೇ ದಿನವನ್ನು ಹಂಚಬೇಕು. ನಿಮ್ಮ ಪ್ರಶ್ನೆಯಲ್ಲಿ ನಿಜಕ್ಕೂ ಅಪಾಯವಿರುವುದು ಝರಣಿಯ ವಿಷಯ ಒಂದರಲ್ಲಿ. ಅದನ್ನೇ ಮೊದಲು ನೋಡೋಣ.

ಝರಣಿ ದೇವಸ್ಥಾನ ಊರಿನ ಅಂಚಿನಲ್ಲೇ ಇದೆ. ಬೆಟ್ಟದ ಮೈಯನ್ನು ಕೊರೆದ ಗವಿ ಸುಮಾರು 300 ಮೀಟರ್ ಒಳಗೆ ಹೋಗುತ್ತದೆ, ಕೊನೆಯಲ್ಲಿ ಗೋಡೆಯ ಮೇಲೆ ನರಸಿಂಹ, ಪಕ್ಕದಲ್ಲಿ ಲಿಂಗ. ಹಿರಣ್ಯಕಶಿಪುವನ್ನು ಕೊಂದ ನಂತರ ನರಸಿಂಹ ಜಲಾಸುರನನ್ನೂ ಸಂಹರಿಸಿದ, ಆ ಅಸುರನೇ ನೀರಾಗಿ ದೇವರ ಪಾದದಡಿ ಹರಿಯುತ್ತಿದ್ದಾನೆ ಎಂಬುದು ಸ್ಥಳಪುರಾಣ. ನೀರು ಸಾಮಾನ್ಯವಾಗಿ ದೊಡ್ಡವರಿಗೆ ಸೊಂಟದಿಂದ ಎದೆಯವರೆಗೆ ಬರುತ್ತದೆ, ಮಳೆಯ ವರ್ಷ ನೋಡಿಕೊಂಡು ಏರಿಳಿಯುತ್ತದೆ. ಚಾವಣಿ ತಗ್ಗು, ಬಾವಲಿಗಳಿವೆ, ಹೋದ ದಾರಿಯಲ್ಲೇ ಹಿಂದಿರುಗಬೇಕು. ಅಂದರೆ ಒಳಗೆ ಹೋಗುವವರ ಸಾಲು ಮತ್ತು ಹೊರಗೆ ಬರುವವರ ಸಾಲು ಅದೇ ಇಕ್ಕಟ್ಟಿನಲ್ಲಿ ಎದುರುಬದುರಾಗುತ್ತವೆ.

ಜನ ಹೆದರುವುದು ಮುಳುಗುವುದಕ್ಕೆ. ನಿಜವಾದ ತೊಂದರೆ ಗಾಳಿಯದು. ಒಂದೇ ಬಾಯಿಯ ಗವಿಯಲ್ಲಿ ನೂರಾರು ಜನ ಉಸಿರು ಬಿಟ್ಟರೆ ಒಳಗಿನ ಗಾಳಿಯಲ್ಲಿ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರುತ್ತದೆ. ದೀಪ, ಗಾಳಿ ಹಾಯಿಸುವ ವ್ಯವಸ್ಥೆ ಮಾಡಿದ್ದರೂ ವಿದ್ಯುತ್ ಹೋದರೆ ಅಥವಾ ಜನ ಹೆಚ್ಚಾದರೆ ಅದರ ಉಪಯೋಗ ಅಷ್ಟಕ್ಕಷ್ಟೇ. ಇದೇ ಕಾರಣಕ್ಕೆ ಗವಿಯನ್ನು ಆಗಾಗ ಮುಚ್ಚಿದ್ದೂ ಉಂಟು. ಆರೋಗ್ಯವಂತರಿಗೆ ಸೆಕೆ, ತಲೆಭಾರ ಅನ್ನಿಸಬಹುದು. ಉಬ್ಬಸವಿರುವವರಿಗೆ ಅಷ್ಟೇ ಅಲ್ಲ: ತೇವ, ಬಾವಲಿ ಹಿಕ್ಕೆಯ ಘಾಟು, ಎದೆಮಟ್ಟ ನೀರಿನ ಒತ್ತಡ, ಜೊತೆಗೆ ಗಾಬರಿ. ಅರ್ಧ ದಾರಿಯಲ್ಲಿ ಉಸಿರು ಕಟ್ಟಿದರೆ ಪಕ್ಕಕ್ಕೆ ಸರಿದು ಕೂರಲು ಜಾಗವಿಲ್ಲ, ನೀರಿನಲ್ಲಿ ಅವರನ್ನು ಎತ್ತಿ ತರುವುದೂ ಸುಲಭವಲ್ಲ.

ಆದ್ದರಿಂದ ನೇರವಾಗಿ ಹೇಳುತ್ತೇನೆ: ನಿಮ್ಮ ತಾಯಿಯವರನ್ನು ಗವಿಯೊಳಗೆ ಕರೆದೊಯ್ಯಬೇಡಿ. ಗವಿಯ ಬಾಯಲ್ಲೇ ಕೈಮುಗಿದು ತೀರ್ಥ ತೆಗೆದುಕೊಂಡು ಬರುವ ಹಿರಿಯರು ಬಹಳ ಇದ್ದಾರೆ, ಅದರಲ್ಲಿ ಕೊರತೆಯೇನಿಲ್ಲ ಎಂದು ಅರ್ಚಕರ ಬಾಯಲ್ಲೇ ಹೇಳಿಸಿದರೆ ಹಟ ಸ್ವಲ್ಪ ಇಳಿಯಬಹುದು. ನೀವು ಮತ್ತು ಮಗ ಹೋಗುವುದಾದರೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಶನಿವಾರ, ಭಾನುವಾರ, ಹಬ್ಬದ ದಿನ ಬೇಡ. ಇಳಿಯುವ ಮುಂಚೆ ಮೂರು ಮಾತು ಕೇಳಿ: ಇವತ್ತು ನೀರು ಎಷ್ಟಿದೆ, ಗಾಳಿಯ ಯಂತ್ರ ನಡೆಯುತ್ತಿದೆಯೇ, ಒಳಗೆ ಈಗ ಎಷ್ಟು ಜನರಿದ್ದಾರೆ. ನೀರು ಮಗನ ಎದೆ ದಾಟುವಂತಿದ್ದರೆ ಬಿಟ್ಟುಬಿಡಿ. ಮೊಬೈಲ್, ಪರ್ಸ್ ಹೊರಗೇ ಇರಲಿ, ಬದಲಿ ಬಟ್ಟೆ ಚೀಲದಲ್ಲಿರಲಿ. ಒಳಗೆ ತಲೆ ಸುತ್ತಿದರೆ, ಆಕಳಿಕೆ ಮೇಲೆ ಆಕಳಿಕೆ ಬಂದರೆ ‘ಇನ್ನೇನು ಹತ್ತಿರ ಬಂತು’ ಅನ್ನದೆ ಆ ಕ್ಷಣವೇ ಹಿಂದಿರುಗಬೇಕು.

ಚರ್ಮರೋಗದ ಮಾತಿಗೆ ಬಂದರೆ, ನೀರಿನಲ್ಲಿ ಗಂಧಕವಿದೆ ಎಂದು ಹೇಳುವವರಿದ್ದಾರೆ. ಇದ್ದರೂ ಸಾವಿರಾರು ಜನ ನಡೆದುಹೋಗುವ ನೀರು ಯಾವ ಗಾಯಕ್ಕೂ ಔಷಧಿಯಲ್ಲ. ಮೈಮೇಲೆ ತರಚು, ತೆರೆದ ಹುಣ್ಣು ಇದ್ದರೆ ಇಳಿಯದಿರುವುದೇ ಲೇಸು.

ಇನ್ನು ಈ ನೀರು ಎಲ್ಲಿಂದ ಬರುತ್ತದೆ? ಮಗನ ಸುರಂಗದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬೀದರ್ ನಿಂತಿರುವುದು ಜಂಬಿಟ್ಟಿಗೆಯ ದೊಡ್ಡ ಹಾಸಿನ ಮೇಲೆ. ಮೇಲೆ ತೂತುತೂತಾದ ಕೆಂಪು ಜಂಬಿಟ್ಟಿಗೆ, ಅದರಡಿ ಜೇಡಿ, ಅದಕ್ಕೂ ಕೆಳಗೆ ದಖ್ಖನ್ನಿನ ಕರಿಕಲ್ಲು. ಮಳೆನೀರು ಜಂಬಿಟ್ಟಿಗೆಯಲ್ಲಿ ಸರಾಗವಾಗಿ ಇಳಿಯುತ್ತದೆ, ಜೇಡಿ ಸಿಕ್ಕಾಗ ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿಯುತ್ತದೆ, ದಿಣ್ಣೆಯ ಅಂಚು ಬಂದಲ್ಲಿ ಝರಿಯಾಗಿ ಹೊರಗೆ ಬೀಳುತ್ತದೆ. ನರಸಿಂಹ ಝರಣಿ, ಗುರುನಾನಕ್ ಝೀರಾ ಗುರುದ್ವಾರ, ಪಾಪನಾಶ ಎಲ್ಲವೂ ಹೀಗೆ ಅಂಚಿನಲ್ಲೇ ಇರುವುದು ಕಾಕತಾಳೀಯವಲ್ಲ. ಇಲ್ಲಿಂದ ಆಳಿದ ಬಹಮನಿ ಸುಲ್ತಾನರು ಮಾಡಿದ್ದು ಇಷ್ಟೇ: ಝರಿ ಹೊರಗೆ ಬರುವವರೆಗೆ ಕಾಯದೆ, ನೆಲದೊಳಗೇ ಅದಕ್ಕೆ ದಾರಿ ಕೊರೆದರು. ಅದೇ ಕರೇಜ್.

ಇರಾನಿನಿಂದ ಬಂದ ವಿದ್ಯೆ ಅದು. ಎತ್ತರದ ಕಡೆ ಒಂದು ತಾಯಿಬಾವಿ ತೋಡಿ ನೀರಿನ ಮಟ್ಟ ಹಿಡಿಯುತ್ತಾರೆ. ಅಲ್ಲಿಂದ ತಗ್ಗಿನ ಕಡೆಗೆ ಸಾಲಾಗಿ ಬಾವಿಯಂಥ ಗುಂಡಿಗಳನ್ನು ಇಳಿಸಿ, ಅವುಗಳ ತಳವನ್ನು ಒಂದಕ್ಕೊಂದು ಕೂಡಿಸುತ್ತ ಕಾಲುವೆ ಕೊರೆಯುತ್ತಾರೆ. ಇಳಿಜಾರು ತೀರ ಸಣ್ಣದಿರಬೇಕು. ಹೆಚ್ಚಾದರೆ ನೀರು ರಭಸದಿಂದ ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಆ ಗುಂಡಿಗಳು ಮೊದಲು ಮಣ್ಣು ಎತ್ತಲು, ಆಮೇಲೆ ಗಾಳಿಗೆ, ಹೂಳು ತೆಗೆಯಲು, ನೀರು ಸೇದಲು. ಬೀದರಿನ ಅಂಚಿನ ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಉದ್ದವಿದೆ, ಅಂಥ ಗುಂಡಿಗಳು ಇಪ್ಪತ್ತಕ್ಕೂ ಹೆಚ್ಚು. ಕಳೆದ ದಶಕದಲ್ಲಿ ಹೂಳು ತೆಗೆದು ಸರ್ವೆ ಮಾಡಿದಾಗ ಪತ್ರಿಕೆಗಳಲ್ಲಿ ಚಿತ್ರ ಬಂದವು, ನಿಮ್ಮ ಮಗ ನೋಡಿದ ‘ಸುರಂಗದ ಬಾಯಿ’ ಬಹುಶಃ ಅದೇ.

ಗೋಲ್ಕೊಂಡಕ್ಕೆ ಸುರಂಗ ಇಲ್ಲ. ನೂರು ಕಿಲೋಮೀಟರ್ ಮೀರಿದ ದೂರಕ್ಕೆ ಕರಿಕಲ್ಲು ಕೊರೆದು, ಗಾಳಿ ಕೊಟ್ಟು, ನೀರು ಹೊರಹಾಕುವುದು ಆ ಕಾಲದಲ್ಲಿ ಯಾರಿಂದಲೂ ಆಗದ ಕೆಲಸ. ಆದರೆ ಹುಡುಗನ ಉತ್ಸಾಹಕ್ಕೆ ಪೂರ್ತಿ ತಣ್ಣೀರು ಎರಚಬೇಕಿಲ್ಲ. ಕೋಟೆಯೊಳಗೆ ‘ಹಜಾರ್ ಕೋಠಡಿ’ ಎಂಬ ನೆಲಮಾಳಿಗೆಯ ಕೋಣೆಗಳಿವೆ, ಆಪತ್ತಿನಲ್ಲಿ ಕಂದಕದ ಕಡೆಗೆ ತಪ್ಪಿಸಿಕೊಳ್ಳುವ ಗುಪ್ತದಾರಿಯೂ ಇತ್ತು. ಕಥೆ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಜನರ ಬಾಯಲ್ಲಿ. ನೌಬಾದಿನಲ್ಲಿ ಮೇಲಿನಿಂದ ಗುಂಡಿಗಳ ಸಾಲನ್ನು ನೋಡುವುದು ಸರಿ, ಒಳಗೆ ಇಳಿಯುವುದು ತಪ್ಪು. ಗಾಳಿಯ ಅಪಾಯ ಝರಣಿಗಿಂತ ಇಲ್ಲಿ ಹೆಚ್ಚು, ಕೂಗಿದರೆ ಕೇಳುವವರಿಲ್ಲ, ಗುಂಡಿಯ ಅಂಚಿನ ಮಣ್ಣು ಕುಸಿಯುತ್ತದೆ.

ಕೋಟೆಗೆ ಒಂದು ಗಂಟೆ ಸಾಕೆಂದ ನೆಂಟರು ಬಹುಶಃ ಮಧ್ಯಾಹ್ನ ಹೋಗಿರಬೇಕು, ಬೀಗ ಹಾಕಿದ ಬಾಗಿಲುಗಳನ್ನು ನೋಡಿ ಬಂದಿರಬೇಕು. ಅಹಮದ್ ಷಾ ವಲಿ ಬಹಮನಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದದ್ದು 1420ರ ದಶಕದಲ್ಲಿ. ಆ ಮೇಲೆ ಬರೀದ್ ಶಾಹಿಗಳು, ಆದಿಲ್ ಶಾಹಿಗಳು, 1657ರಲ್ಲಿ ಔರಂಗಜೇಬ್, ನಂತರ ನಿಜಾಮರು. ಎಲ್ಲರೂ ಒಂದಿಷ್ಟು ಕಟ್ಟಿದರು, ಒಂದಿಷ್ಟು ಕೆಡವಿದರು. ಊರಿನ ಕಡೆಯ ಕಂದಕವನ್ನು ನಿಂತು ನೋಡಿ: ಇದು ಕಟ್ಟಿದ ಕಂದಕವಲ್ಲ, ಕಡಿದದ್ದು. ನಡುವೆ ಬಂಡೆಯ ಗೋಡೆಗಳನ್ನು ಹಾಗೇ ಉಳಿಸಿಕೊಂಡು ಮೂರು ಪಟ್ಟು ಕಂದಕ ಕಡಿದಿದ್ದಾರೆ. ಜಂಬಿಟ್ಟಿಗೆ ಕಡಿಯುವಾಗ ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಹಾಗಾಗಿ ಕಡಿದ ಕಲ್ಲನ್ನೇ ಮೇಲೆ ಗೋಡೆಗೆ ಬಳಸಿದರೆ ಎರಡು ಕೆಲಸ ಒಂದೇ ಸಲ ಮುಗಿಯಿತು.

ಒಳಗೆ ತಪ್ಪಿಸಬಾರದ್ದು ರಂಗೀನ್ ಮಹಲ್. ಬೀಗ ಇರುತ್ತದೆ. ಕೋಟೆಯಲ್ಲಿರುವ ಪುರಾತತ್ವ ಇಲಾಖೆಯ ಕಚೇರಿ ಅಥವಾ ವಸ್ತುಸಂಗ್ರಹಾಲಯದಲ್ಲಿ ವಿನಯವಾಗಿ ಕೇಳಿದರೆ ಸಿಬ್ಬಂದಿ ತೆರೆದು ತೋರಿಸುವುದುಂಟು. ಕೇಳದೆ ಹೊರಟುಬಿಡುವವರೇ ಹೆಚ್ಚು. ಮುಂದಿನ ಹಜಾರದಲ್ಲಿ ಕೆತ್ತಿದ ಮರದ ಕಂಬಗಳು, ಒಳಕೋಣೆಯ ಬಾಗಿಲ ಸುತ್ತ ನುಣುಪು ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಬಳ್ಳಿಯಾಕಾರಕ್ಕೆ ಕತ್ತರಿಸಿ ಕೂರಿಸಿದ್ದಾರೆ. ಸ್ವಲ್ಪ ಓರೆಯಾಗಿ ನಿಂತರೆ ಚಿಪ್ಪು ಒಮ್ಮೆ ಹಸಿರು, ಒಮ್ಮೆ ಗುಲಾಬಿ ಹೊಳೆಯುತ್ತದೆ. ಕಪ್ಪು ನೆಲದ ಮೇಲೆ ಬಿಳಿ ಹೊಳಪು ಎಂಬ ಈ ರುಚಿ ಬಿದರಿ ಕೆಲಸದ್ದೂ ಹೌದು, ಕೊಳ್ಳುವ ಮುಂಚೆ ಇದನ್ನು ನೋಡಿದರೆ ಕಣ್ಣು ಪಳಗುತ್ತದೆ.

ತಖ್ತ್ ಮಹಲಿನ ಕಮಾನಿನ ಮೂಲೆಗಳಲ್ಲಿ ಬೆನ್ನಿನ ಮೇಲೆ ಸೂರ್ಯನನ್ನು ಹೊತ್ತ ಹುಲಿಯ ಚಿತ್ರ ಹುಡುಕಲು ಮಗನಿಗೆ ಹೇಳಿ. ಸೋಲಾ ಖಂಬ್ ಮಸೀದಿ ಸುಮಾರು 90 ಮೀಟರ್ ಉದ್ದ, ಒಳಗೆ ತಂಪು, ಅಮ್ಮ ಕುಳಿತು ಸುಧಾರಿಸಿಕೊಳ್ಳಲು ಒಳ್ಳೆಯ ಜಾಗ. ಹಳೆಯ ಹಮಾಮಿನಲ್ಲಿ (ಸ್ನಾನಗೃಹ) ಚಿಕ್ಕ ವಸ್ತುಸಂಗ್ರಹಾಲಯವಿದೆ. ಪುರಾತತ್ವ ಇಲಾಖೆಯ ಇಂಥ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ, ಆದ್ದರಿಂದ ಕೋಟೆಯನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಬೇಡಿ. ಒಟ್ಟು ಮೂರೂವರೆ ಗಂಟೆ ಹಿಡಿಯಿರಿ. ವಾಹನ ಎಲ್ಲಿಯವರೆಗೆ ಬಿಡುತ್ತಾರೆ ಎಂದು ದ್ವಾರದಲ್ಲೇ ವಿಚಾರಿಸಿ ಅಮ್ಮನವರ ನಡಿಗೆ ಉಳಿಸಿ. ಕೊತ್ತಲ ಹತ್ತುವುದು ಅವರಿಗೆ ಬೇಡ: ಮೆಟ್ಟಿಲು ಎತ್ತರ, ಕೈಹಿಡಿ ಇಲ್ಲ, ಇಳಿಯುವಾಗ ಮಂಡಿ ಹಿಡಿಯುತ್ತದೆ.

ಊರೊಳಗಿನ ಮಹಮೂದ್ ಗಾವಾನನ ಮದರಸಾ 1472ರದು. ಅದನ್ನು ಔರಂಗಜೇಬನ ಫಿರಂಗಿ ಒಡೆಯಿತು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಮುತ್ತಿಗೆ ನಡೆದದ್ದು 1657ರಲ್ಲಿ, ಮದರಸಾದ ಮುಂಭಾಗ ಒಡೆದದ್ದು 1690ರ ದಶಕದಲ್ಲಿ. ಆಗ ಅಲ್ಲಿ ಮದ್ದು ಇಟ್ಟಿದ್ದರು, ಸಿಡಿಲು ಬಡಿದು ಮದ್ದು ಸಿಡಿಯಿತು ಎಂಬುದು ಬಲವಾದ ಹೇಳಿಕೆ. ಎರಡು ಮಿನಾರಗಳಲ್ಲಿ ಒಂದು ಹೋಯಿತು, ಒಂದು ಉಳಿಯಿತು. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗಾವಾನನನ್ನು ಸುಳ್ಳು ಪತ್ರದ ಆರೋಪದ ಮೇಲೆ 1481ರಲ್ಲಿ ಕೊಲ್ಲಿಸಿದರು. ಒಂದು ಕಾಲಕ್ಕೆ ವಿದ್ಯಾರ್ಥಿಗಳ ಕೋಣೆ, ಪಾಠದ ಹಜಾರ, ಗ್ರಂಥಭಂಡಾರ, ಮಸೀದಿ ಎಲ್ಲ ಒಂದೇ ಚೌಕದೊಳಗಿದ್ದ ಮೂರಂತಸ್ತಿನ ವಿದ್ಯಾಲಯ ಇದು. ಉಳಿದ ಮಿನಾರದ ಮೇಲಿನ ಅಂಕುಡೊಂಕು ಪಟ್ಟೆಯ ನೀಲಿ, ಬಿಳಿ, ಹಳದಿ ಹಂಚು ಸಂಜೆಯ ಓರೆ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೆಳಗಿನ ಅಂಗಳ ನೋಡಿದರೆ ಅಮ್ಮನಿಗೆ ಸಾಕು.

ಬಹಮನಿ ಸುಲ್ತಾನರ ಸಮಾಧಿಗಳಾದ ಅಷ್ಟೂರಿನ ಗುಮ್ಮಟಗಳು ಊರಿಂದ ಮೂರು ಕಿಲೋಮೀಟರ್ ಪೂರ್ವಕ್ಕೆ. ದಾರಿಯಲ್ಲಿ ಚೌಖಂಡಿ ಎಂಬ ಎಂಟು ಮೂಲೆಯ ಸಮಾಧಿ ಕಟ್ಟಡ ಸಿಗುತ್ತದೆ. ಅಹಮದ್ ಷಾ ವಲಿಯ ಗುಮ್ಮಟದ ಒಳಮೈ ತುಂಬ ಕೆಂಪು, ನೀಲಿ, ಚಿನ್ನದ ಬಣ್ಣದ ಚಿತ್ತಾರ. ಒಳಗೆ ಕತ್ತಲೆ, ಕಾವಲಿನವರು ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸಿ ತೋರಿಸುವುದುಂಟು. ಅದಕ್ಕೆ ಬಿಸಿಲು ಬೇಕಲ್ಲ, ಬೆಳಗ್ಗೆ ಒಂಬತ್ತರ ಮೇಲೆ ಹೋಗಿ. ಫ್ಲ್ಯಾಷ್ ಹಾಕಬೇಡಿ. ಇಲ್ಲಿನ ವಾರ್ಷಿಕ ಜಾತ್ರೆಯಲ್ಲಿ ಹಿಂದೂಗಳು ಈ ಸುಲ್ತಾನನನ್ನು ಅಲ್ಲಮಪ್ರಭುವೆಂದೇ ಕಾಣುತ್ತಾರೆ, ಕಲಬುರಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಬಂದು ನಡೆಸಿಕೊಡುತ್ತಾರೆ. ಪಕ್ಕದಲ್ಲಿ ಅರ್ಧಕ್ಕೆ ಸೀಳಿ ನಿಂತದ್ದು ‘ಜಾಲಿಮ್’ (ಕ್ರೂರಿ) ಎನಿಸಿಕೊಂಡ ಬಹಮನಿ ಸುಲ್ತಾನ ಹುಮಾಯೂನನದು. ಪಾಪಕ್ಕೆ ಸಿಡಿಲು ಬಡಿಯಿತು ಎಂದು ಜನ ಹೇಳುತ್ತಾರೆ. ಸಿಡಿಲಿಗೆ ಪಾಪ ಪುಣ್ಯ ಗೊತ್ತಿಲ್ಲ, ಬಯಲಿನಲ್ಲಿ ಎತ್ತರಕ್ಕೆ ನಿಂತದ್ದು ಗೊತ್ತು. ಆದರೆ ಆ ಸೀಳಿನಿಂದಾಗಿ ಗುಮ್ಮಟದ ಗೋಡೆ ಎಷ್ಟು ದಪ್ಪ, ಒಳಗೆ ಹೇಗೆ ಕಟ್ಟಿದ್ದಾರೆ ಎಂಬುದು ಬರಿಗಣ್ಣಿಗೆ ಕಾಣುತ್ತದೆ. ದೂರ ನಿಂತು ನೋಡಿ, ಕೆಳಗೆ ಹೋಗಬೇಡಿ.

ಈಗ ಹೂದಾನಿಯ ವಿಷಯ. ಅದು ನಕಲಿಯೇ ಇರಬೇಕೆಂದಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆ: ಅದನ್ನು ಹುಣಸೆಹಣ್ಣು, ನಿಂಬೆ ಅಥವಾ ಪಾತ್ರೆ ಉಜ್ಜುವ ಪುಡಿಯಿಂದ ತೊಳೆದಿರಾ? ಬಿದರಿ ಸತು ಮತ್ತು ತಾಮ್ರದ ಮಿಶ್ರಲೋಹ, ರೂಢಿಯ ಅಳತೆ 16 ಭಾಗ ಸತುವಿಗೆ 1 ಭಾಗ ತಾಮ್ರ. ಸತುವಿಗೆ ಹುಳಿ ಆಗುವುದಿಲ್ಲ. ಕಪ್ಪು ಎನ್ನುವುದು ಮೇಲಿನ ತೆಳು ಪದರ, ಹುಳಿ ಅದನ್ನು ಕರಗಿಸುತ್ತದೆ, ಪುಡಿ ಅದನ್ನು ಕೆರೆದು ತೆಗೆಯುತ್ತದೆ, ಅಡಿಯ ಬೂದು ಲೋಹ ಹೊರಗೆ ಬರುತ್ತದೆ.

ಆ ಕಪ್ಪು ಬರುವ ಬಗೆ ತಿಳಿದರೆ ಉಳಿದದ್ದು ಸುಲಭ. ಮಣ್ಣು, ರಾಳ, ಹರಳೆಣ್ಣೆ ಕಲಸಿದ ಅಚ್ಚಿನಲ್ಲಿ ಲೋಹ ಎರೆದು, ಅರ ಹಾಕಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಬರಿಸಿ, ಅದರ ಮೇಲೆ ಕೈಯಿಂದಲೇ ಚಿತ್ತಾರ ಗೀರುತ್ತಾರೆ. ಸಣ್ಣ ಉಳಿಯಿಂದ ಗೆರೆ ಕಡಿದು ಬೆಳ್ಳಿಯ ತಂತಿ ಅಥವಾ ತಗಡನ್ನು ಹೊಡೆದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲವೂ ಬಿಳಿಬಿಳಿ, ಚಿತ್ತಾರವೇ ಕಾಣುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಜಾಗಗಳಲ್ಲಿ ಮಳೆ ಬಿಸಿಲು ತಾಗದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕುದಿಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆಮೇಲೆ ಎಣ್ಣೆ ಸವರಿದರೆ ಕಪ್ಪು ಗಾಢವಾಗುತ್ತದೆ. ಆ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವಿರಬೇಕು, ಕುಶಲಕರ್ಮಿಗಳು ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಮಣ್ಣು ಆರಿಸುತ್ತಾರೆ. ತಾಮ್ರ ಇಲ್ಲದ ಬರೀ ಸತುವಿಗೆ ಈ ಕಪ್ಪು ಹಿಡಿಯುವುದಿಲ್ಲ.

ಅಂಗಡಿಯಲ್ಲಿ ಹೀಗೆ ನೋಡಿ. ಗಾತ್ರಕ್ಕೆ ತಕ್ಕ ಭಾರ ಇರಬೇಕು, ಹಗುರವಾಗಿದ್ದರೆ ಅಲ್ಯೂಮಿನಿಯಂ. ಆಯಸ್ಕಾಂತ ಹಿಡಿದರೆ ಕಬ್ಬಿಣ. ಉಗುರನ್ನು ಚಿತ್ತಾರದ ಅಂಚಿನ ಮೇಲೆ ಎಳೆಯಿರಿ: ಬೆಳ್ಳಿ ಲೋಹದ ಮಟ್ಟಕ್ಕೇ ಕೂತಿರುತ್ತದೆ, ಬಳಿದ ಬಣ್ಣವಾದರೆ ಸಣ್ಣ ಏರು ತಾಗುತ್ತದೆ. ಒಂದೇ ಹೂವಿನ ಎರಡು ದಳಗಳನ್ನು ಹೋಲಿಸಿ, ಕೈಕೆಲಸದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ತಂತಿ ಬೆಳ್ಳಿಯದೋ ಬೇರೆ ಬಿಳಿ ಲೋಹದ್ದೋ ಕಣ್ಣಿಗೆ ತಿಳಿಯುವುದು ಕಷ್ಟ, ಅದಕ್ಕೆ ಬಿಲ್ಲಿನಲ್ಲಿ ‘ಬೆಳ್ಳಿ’ ಎಂದು ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕಿದರೆ ಮುಂದಿನ ಅಂಗಡಿ ನೋಡಿ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಆದರೆ ಆ ಹೆಸರಿನ ಚೀಟಿ ಅಂಟಿಸಿದ ಮಾತ್ರಕ್ಕೆ ಕೆಲಸ ಒಳ್ಳೆಯದೆಂದಲ್ಲ. ಊರ ನಡುವಿನ ಹಳೆಯ ಕಾವಲುಗೋಪುರವಾದ ಚೌಬಾರಾ ಸುತ್ತಿನ ಗಲ್ಲಿಗಳಲ್ಲಿ ಕೆಲಸ ಮಾಡುತ್ತಿರುವವರ ಬಳಿಯೇ ಕೊಂಡರೆ ಕಡಿಯುವುದನ್ನೂ ನೋಡಬಹುದು. ಈ ಕಲೆಗೆ 2023ರಲ್ಲಿ ಷಾ ರಶೀದ್ ಅಹಮದ್ ಖಾದ್ರಿಯವರ ಮೂಲಕ ಪದ್ಮಶ್ರೀ ಬಂದಿದೆ. ಹಾಗಿದ್ದೂ ಕುಶಲಕರ್ಮಿಗಳ ಜೊತೆ ಅರ್ಧ ಬೆಲೆಗೆ ಚೌಕಾಸಿ ಮಾಡುವುದು ನಿಂತಿಲ್ಲ. ಬೆಳ್ಳಿಯ ದರ, ದಿನಗಳ ಕೈಕೆಲಸ ಎರಡನ್ನೂ ಲೆಕ್ಕ ಹಾಕಿ ಮಾತಾಡಿ.

ಮನೆಯಲ್ಲಿ ಒಣ ಮೃದು ಬಟ್ಟೆಯಿಂದ ಒರೆಸಿದರೆ ಸಾಕು. ಮಂಕಾದರೆ ಬೆರಳ ತುದಿಯಷ್ಟು ಕೊಬ್ಬರಿ ಎಣ್ಣೆ ಸವರಿ ಒರೆಸಿ. ಹೂದಾನಿಯಲ್ಲಿ ನೀರು ತುಂಬಬೇಡಿ, ತಿನ್ನುವ ಪದಾರ್ಥ ಇಡಬೇಡಿ. ಈ ಲೋಹ ಪೆಡಸು, ಬಿದ್ದರೆ ಒಡೆಯುತ್ತದೆ. ಹಳೆಯ ಹೂದಾನಿಯನ್ನು ಎಸೆಯದೆ ಜೊತೆಗೆ ಒಯ್ಯಿರಿ, ಅಸಲಿಯಾಗಿದ್ದರೆ ಮತ್ತೆ ಮಣ್ಣಿನಲ್ಲಿ ಕಪ್ಪು ಹಿಡಿಸಿಕೊಡುತ್ತಾರೆ.

ದಿನದ ಹಂಚಿಕೆ ಹೀಗಿರಲಿ. ಮೊದಲ ದಿನ ಬೆಳಗ್ಗೆ ಕೋಟೆ, ಮಧ್ಯಾಹ್ನ ಗುರುನಾನಕ್ ಝೀರಾ. ಗುರುನಾನಕರು 16ನೇ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಿದ್ದರು ಎಂಬ ನಂಬಿಕೆಯ ಸ್ಥಳ, ಸಿಖ್ಖರ ಖಾಲ್ಸಾ ಪಂಥದ ಮೊದಲ ಐವರು ‘ಪಂಚ ಪ್ಯಾರೆ’ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಈ ಊರಿನವರೇ. ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಬೇಕು, ತಂಬಾಕು ನಿಷಿದ್ಧ, ಲಂಗರಿನ ಊಟ ಎಲ್ಲರಿಗೂ ಇದೆ. ಪಂಕ್ತಿಯಲ್ಲಿ ನೆಲದ ಮೇಲೆ ಕೂರಬೇಕು, ಅಮ್ಮನಿಗೆ ಮಂಡಿ ಮಡಚಲಾಗದಿದ್ದರೆ ಸೇವಾದಾರರಿಗೆ ಮೊದಲೇ ಹೇಳಿ. ವಿಶ್ರಾಂತಿಯ ನಂತರ ಮದರಸಾ, ಚೌಬಾರಾ, ಬಿದರಿ. ಎರಡನೆಯ ದಿನ ಬೇಗ ಎದ್ದು ಝರಣಿ, ಒಂಬತ್ತರ ಮೇಲೆ ಅಷ್ಟೂರು, ಸಂಜೆ ಬರೀದ್ ಶಾಹಿ ಗುಮ್ಮಟಗಳ ಉದ್ಯಾನ. ನೌಬಾದ್ ಸಮಯ ಸಿಕ್ಕರೆ ಮಾತ್ರ.

ಡಿಸೆಂಬರ್ ಬೆಳಗ್ಗೆ ಬೀದರಿನಲ್ಲಿ ಚಳಿ ಜೋರು, ಊರು ಸುಮಾರು 2,200 ಅಡಿ ಎತ್ತರದಲ್ಲಿದೆ. ಅಮ್ಮನವರ ಇನ್‌ಹೇಲರ್ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ. ಕಾರಿನಲ್ಲಿ ಕಲಬುರಗಿ ಮೇಲೆ ಬರುವುದಾದರೆ ಹುಮನಾಬಾದ್ ಹತ್ತಿರದ ಜಲಸಂಗಿಗೆ ತಿರುಗಿಕೊಳ್ಳಿ. ಅಲ್ಲಿನ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಗೋಡೆ ನೆಲಮಟ್ಟದಿಂದಲೇ ಕಾಣುತ್ತದೆ, ಅಮ್ಮ ಒಂದು ಮೆಟ್ಟಿಲೂ ಹತ್ತಬೇಕಿಲ್ಲ.